ಬೆಕ್ಕನ್ನು ಚನ್ನಗಿರಿಗೆ ಬಿಟ್ಟು ಬಂದ ಪ್ರಕರಣ

ನನ್ನ ಹೆಂಡತಿಯ ತಮ್ಮನನ್ನು ನಾನು ಇನ್ನೂ ಕ್ಷಮಿಸಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ನನ್ನ ಮನಸ್ಸು ಕರಗಿ ಅವನ ಬೆನ್ನು ತಟ್ಟುತ್ತೇನೆಂದು ಯಾರೂ ಕಾದು ಕೂರಬೇಕಾಗಿಲ್ಲ. ತಾಲ್ಲೂಕು ಕಚೇರಿಗಳಲ್ಲಿ ಸೇವೆ ಸವೆಸಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಒಮ್ಮೆ ತೆರೆದ ಕಡತವನ್ನು ಅಷ್ಟು ಸುಲಭಕ್ಕೆ ಮುಚ್ಚುವ ಅಭ್ಯಾಸ ನನ್ನ ಕೈಗಿಲ್ಲ.

ಹೊನ್ನಾಳಿಯಲ್ಲಿ ನಮ್ಮ ಮನೆ ಹೊಳೆಗೆ ಹತ್ತಿರದ ಬೀದಿಯಲ್ಲಿದೆ. ತುಂಗಭದ್ರೆ ವರ್ಷದಲ್ಲಿ ಹನ್ನೊಂದು ತಿಂಗಳು ತನ್ನ ಪಾಡಿಗೆ ತಾನು ಇರುತ್ತಾಳೆ. ಉಳಿದ ಒಂದು ತಿಂಗಳಲ್ಲಿ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ದಂಡೆಯ ಜನ ಹುಷಾರಾಗಿರಬೇಕು ಎಂದು ಆಟೋಗೆ ಮೈಕ್ ಕಟ್ಟಿಕೊಂಡು ಸಾರುತ್ತಾ ಬರುತ್ತಾರೆ. ಮೈಕಿನ ಹಿಂದೆಯೇ ಅವಳೂ ಬರುತ್ತಾಳೆ.

ಮೊದಲ ಸಲ ಹಾಗೆ ಬಂದಾಗ ನಾವು ಗಂಡ ಹೆಂಡತಿ ಎರಡು ಬ್ಯಾಗು ಹಿಡಿದು ಚನ್ನಗಿರಿಯ ಮಗಳ ಮನೆಗೆ ಹೊರಟೆವು. ಮನೆಯ ಪತ್ರ ಸಿಕ್ಕಿತು, ಪಿಂಚಣಿ ಪುಸ್ತಕ ಸಿಕ್ಕಿತು, ಮನೆಯಾಕೆಯ ಮಂಡಿನೋವಿನ ಎಣ್ಣೆಯೂ ಸಿಕ್ಕಿತು. ಬೆಕ್ಕು ಮಾತ್ರ ಸಿಗಲಿಲ್ಲ. ಕರೆದೆವು, ಹುಡುಕಿದೆವು, ಕೊನೆಗೆ ಬಸ್ಸು ತಪ್ಪುತ್ತದೆಂದು ಬಂದುಬಿಟ್ಟೆವು. ಎರಡು ದಿನ ಬಿಟ್ಟು ವಾಪಸು ಬಂದರೆ ಅದು ಹೆಂಚಿನ ಮೇಲೆ ಕೂತಿತ್ತು. ಮೈ ಒದ್ದೆ, ಹೊಟ್ಟೆ ಬೆನ್ನಿಗೆ ಹತ್ತಿತ್ತು. ನಮ್ಮನ್ನು ನೋಡಿ ಕೂಗಲಿಲ್ಲ, ಇಳಿದೂ ಬರಲಿಲ್ಲ. ಸುಮ್ಮನೆ ನೋಡಿತು. ಸೇವೆಯಲ್ಲಿದ್ದಾಗ ಎಷ್ಟೋ ಅರ್ಜಿದಾರರು ನನ್ನನ್ನು ನಾನಾ ತರಹ ನೋಡಿದ್ದಾರೆ. ಯಾರ ನೋಟಕ್ಕೂ ನಾನು ತಲೆ ತಗ್ಗಿಸಿದವನಲ್ಲ. ಅವತ್ತು ತಗ್ಗಿಸಿದೆ.

ಇದರಲ್ಲಿ ನನ್ನ ಸ್ವಂತದ ಒಂದು ಹಳೆಯ ಪಾಪವೂ ಇತ್ತು. ಜಗಳೂರಿನಲ್ಲಿ ಕೆಲಸದಲ್ಲಿದ್ದಾಗ, ವಿಪತ್ತು ಬಂದರೆ ಯಾರ ಮನೆಯಲ್ಲಿ ಎಷ್ಟು ಜನ, ಎಷ್ಟು ಜಾನುವಾರು ಎಂದು ಬರೆದುಕೊಳ್ಳುವ ನಮೂನೆಯನ್ನು ಗೆರೆ ಎಳೆದು ತಯಾರಿಸಿದವನು ನಾನೇ. ಎತ್ತಿಗೆ ಒಂದು ಕಾಲಂ, ಎಮ್ಮೆಗೆ ಒಂದು, ಕುರಿ ಮೇಕೆಗೆ ಸೇರಿ ಒಂದು, ಕೋಳಿಗೂ ಬಲಗಡೆ ಮೂಲೆಯಲ್ಲಿ ಒಂದಿಷ್ಟು ಜಾಗ. ಬೆಕ್ಕಿಗೆ ಇರಲಿಲ್ಲ. ಬೆಕ್ಕಿಗೂ ಕಾಲಂ ಬೇಕೆಂದು ಯಾರೂ ಅರ್ಜಿ ಕೊಟ್ಟಿರಲಿಲ್ಲವಾದ್ದರಿಂದ ನನ್ನ ಮನಸ್ಸಾಕ್ಷಿ ನಿರುಮ್ಮಳವಾಗಿತ್ತು. ಹೆಂಚಿನ ಮೇಲಿನ ಆ ಬೂದುಬಣ್ಣದ ಪ್ರಾಣಿ ನಾನು ಎಳೆಯದೆ ಬಿಟ್ಟ ಗೆರೆಯನ್ನೇ ನೋಡುತ್ತಿರುವಂತೆ ಅನಿಸಿತು.

ಆದ್ದರಿಂದ ಅದೇ ವಾರ ಒಂದು ಕಡತ ತೆರೆದೆ. ನೀಲಿ ರಟ್ಟು, ಬಿಳಿ ಲಾಡಿ, ಮೇಲೆ ದಪ್ಪಕ್ಷರದಲ್ಲಿ ‘ತುರ್ತು – ಬೆಕ್ಕು’. ಪಶು ಆಸ್ಪತ್ರೆಯಲ್ಲಿ ಹುಚ್ಚುನಾಯಿ ಕಾಯಿಲೆಯ ಚುಚ್ಚುಮದ್ದು ಹಾಕಿಸಿದ ಚೀಟಿ ಅದರೊಳಗೆ ಹೋಯಿತು. ಕಳೆದುಹೋದರೆ ತೋರಿಸಲು ಫೋಟೋ ಬೇಕಲ್ಲ? ಬುಟ್ಟಿಯಲ್ಲಿ ಕೂರಿಸಿಕೊಂಡು ಸ್ಟುಡಿಯೋಗೆ ಹೋದೆ. ಸ್ಟುಡಿಯೋದವರು ನಗಲಿಲ್ಲ, ಅಷ್ಟು ಹೇಳಬೇಕು. “ಹಿಂದೆ ನೀಲಿ ಬಟ್ಟೆ ಹಾಕ್ಲಾ, ಬಿಳೀದಾ ಸರ್?” ಅಂದರು. ಸರ್ಕಾರಿ ಕೆಲಸಕ್ಕೆ ಬಿಳಿಯೇ ಸರಿ ಅಂದೆ. ಪಾಸ್‌ಪೋರ್ಟ್ ಅಳತೆಯ ಎಂಟು ಪ್ರತಿ ಬಂದವು. ಎಂಟರಲ್ಲೂ ಅದು ಕ್ಯಾಮೆರಾ ಕಡೆ ನೋಡದೆ ನನ್ನ ಕಡೆ ನೋಡುತ್ತಿದೆ. ಕೊರಳಿಗೆ ಫೋನ್ ನಂಬರಿನ ಪಟ್ಟಿಯನ್ನೂ ಕಟ್ಟಿದ್ದೆ. ಅರ್ಧ ಗಂಟೆಯೊಳಗೆ ಅದನ್ನು ಕಿತ್ತು ಹಂಡೆ ಒಲೆಯ ಬೂದಿಯಲ್ಲಿ ಹಾಕಿತ್ತು. ಆ ವಿಷಯವನ್ನು ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಮುಂದಕ್ಕೆ ಹೋದೆ.

ಉಳಿದದ್ದು ಸಾಗಾಣಿಕೆಯ ಪ್ರಶ್ನೆ. ಬೆಕ್ಕು ಒಯ್ಯಲು ಪ್ಲಾಸ್ಟಿಕ್ಕಿನ ಪಂಜರದಂಥ ಡಬ್ಬಿ ಸಿಗುತ್ತದೆ, ದಾವಣಗೆರೆಯಿಂದ ತರಿಸೋಣ ಎಂದು ಮನೆಯಾಕೆ ಹೇಳಿದಳು. ನಾನು ಒಪ್ಪಲಿಲ್ಲ. ಜಾಲರಿ ಬಾಗಿಲಿನ ಹಿಂದೆ ಕೂರಿಸಿ ಕೈದಿಯನ್ನು ಒಯ್ದಂತೆ ಒಯ್ಯುವುದು ಮರ್ಯಾದಸ್ಥರ ಮನೆಯ ಲಕ್ಷಣವಲ್ಲ ಎಂದೆ. ಒಂದು ಒಳ್ಳೆಯ ಗೋಣಿಚೀಲ ತೆಗೆದುಕೊಂಡು, ಮೂರು ಸಲ ಒಗೆದು, ಪಕ್ಕದಲ್ಲಿ ಅಂಗೈಯಗಲ ಕತ್ತರಿಸಿ, ಗಾಳಿಯಾಡಲು ಸೊಳ್ಳೆಪರದೆಯ ತುಂಡು ಹೊಲಿದೆ. ಆ ಡಬ್ಬಿ ತರಿಸಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ ಎಂದು ಮನೆಯಾಕೆ ಈಗಲೂ ಹೇಳುತ್ತಾಳೆ. ಇದನ್ನು ಅವಳ ಹೇಳಿಕೆಯಾಗಿ ಮಾತ್ರ ದಾಖಲಿಸುತ್ತಿದ್ದೇನೆ.

ಚೀಲಕ್ಕೆ ಬೆಕ್ಕನ್ನು ಒಗ್ಗಿಸಲು ಎರಡು ತಿಂಗಳು ಹಿಡಿಯಿತು. ಹಾಲಿನ ಪಾತ್ರೆಯ ಸ್ಟೀಲ್ ಮುಚ್ಚಳಕ್ಕೆ ಚಮಚದಿಂದ ಎರಡು ಸಲ ಬಡಿಯುವುದು, ಹಾಲಿನ ಬಟ್ಟಲನ್ನು ಚೀಲದೊಳಗೆ ಇಡುವುದು. ಮೊದಲು ಮೂತಿ, ಆಮೇಲೆ ಮುಂಗಾಲು, ಆಮೇಲೆ ಅರ್ಧ ಮೈ. ಕೊನೆಗೆ ಮುಚ್ಚಳ ಎರಡು ಸಲ ಟಣಟಣ ಅಂದರೆ ಸಾಕು, ಎಲ್ಲಿದ್ದರೂ ಓಡಿಬಂದು ತಾನೇ ಚೀಲದೊಳಗೆ ಹೋಗಿ ಕೂರುತ್ತಿತ್ತು. ನನ್ನ ಕೈಕೆಳಗೆ ಕೆಲಸ ಮಾಡಿದ ಯಾವ ಗುಮಾಸ್ತನೂ ಆಜ್ಞೆಯನ್ನು ಅಷ್ಟು ಚೊಕ್ಕವಾಗಿ ಪಾಲಿಸಿದ್ದಿಲ್ಲ.

ಈಗ ಬಾಮೈದನ ವಿಷಯ.

ಅವನಿರುವುದು ನ್ಯಾಮತಿಯಲ್ಲಿ. ಮಾಡುವುದು ಅಡಿಕೆ ಕೇಣಿ, ಎಂದರೆ ಕಾಯಿ ಇನ್ನೂ ಮರದ ಮೇಲಿರುವಾಗಲೇ ತೋಟದ ಫಸಲನ್ನು ಗುತ್ತಿಗೆ ಹಿಡಿಯುವುದು. ಗೋವಿನಕೋವಿಯಿಂದ ಉಬ್ರಾಣಿಯವರೆಗೆ ಅವನ ಗೂಡ್ಸ್ ಗಾಡಿ ಓಡಾಡದ ದಾರಿಯಿಲ್ಲ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಚನ್ನಗಿರಿಯ ಮಂಡಿ ಬೀದಿಯಲ್ಲಿ ನಾಲ್ಕು ಜನ “ಸಾವ್ಕಾರ್ರೆ” ಎಂದು ಕರೆಯುವಷ್ಟು ಗತ್ತು. ಇಂಥ ಮನುಷ್ಯನಿಗೆ ಬೆಕ್ಕು ಅಡ್ಡ ಬಂದರೆ ಆಗುವುದಿಲ್ಲ. ಅಕ್ಕನ ಮನೆಗೆ ಬಂದು, ಊಟ ಮಾಡಿ, ಗಾಡಿ ಹತ್ತುವ ಹೊತ್ತಿಗೆ ನಮ್ಮ ಬೆಕ್ಕು ಎದುರಿಗೆ ಹಾಯ್ದು ಹೋದರೆ ಇಳಿದು ಮತ್ತೆ ಒಳಗೆ ಬಂದು ಕೂರುತ್ತಿದ್ದ. ನೀರು ಕುಡಿದು, ಮತ್ತೆ ಹೊರಟು, ಮತ್ತೆ ಬೆಕ್ಕು ಹಾಯ್ದು, ಮತ್ತೆ ಒಳಗೆ. ಒಂದು ಸಲ ಹೀಗೇ ನಾಲ್ಕು ಗಂಟೆ ಕೂತು ಯಾವುದೋ ತೋಟದ ಮಾತುಕತೆ ಕೈತಪ್ಪಿತು. “ಭಾವ, ಈ ಶನಿ ಇರೋ ಮಟ ನಿಮ್ಮ ಹೊಸ್ಲು ತುಳಿಯಾಕೆ ನಂಗೆ ಧೈರ್ಯ ಇಲ್ಲ” ಎಂದು ಅವತ್ತು ಹೇಳಿದ್ದ. ಆ ಮಾತಿನಲ್ಲಿ ಬೆಕ್ಕಿನ ಉಪಯುಕ್ತತೆಯ ಬಗ್ಗೆ ನನಗೆ ಹೊಸದೊಂದು ಅಂಶ ಕಂಡಿತೇ ಹೊರತು ಮುಂದಿನ ಸಂಚು ಕಾಣಲಿಲ್ಲ.

ಎರಡನೆಯ ಸಲ ಮೈಕಿನ ಆಟೋ ಬಂದಾಗ ಬೆಳಿಗ್ಗೆ ಹತ್ತು ಗಂಟೆ. ಮನೆಯಾಕೆ ವಾರದ ಹಿಂದೆಯೇ ಮಗಳ ಮನೆಗೆ ಹೋಗಿದ್ದಳು. ನಾನೊಬ್ಬನೇ ಅಕ್ಕಿ ಬೇಳೆ ಅಟ್ಟಕ್ಕೆ ಏರಿಸುತ್ತಿದ್ದೆ. ಬೀದಿಯ ಕೊನೆಯ ಮನೆಯ ಮೆಟ್ಟಿಲಿಗೆ ನೀರು ಬಂದಿತ್ತು. ಅಷ್ಟರಲ್ಲಿ ಬಾಮೈದನ ಗಾಡಿ ಬಂದು ನಿಂತಿತು. ಚನ್ನಗಿರಿಗೆ ಹೊರಟಿದ್ದನಂತೆ, ಅಕ್ಕ ಫೋನ್ ಮಾಡಿ ಭಾವನನ್ನು ಒಮ್ಮೆ ನೋಡಿಕೊಂಡು ಹೋಗು ಅಂದಳಂತೆ. ನಾನು ಬರುವುದಿಲ್ಲ, ಸಾಮಾನು ಮೇಲೇರಿಸಿ ಸಂಜೆ ನೋಡೋಣ ಅಂದೆ. ಆದರೆ ಬೆಕ್ಕು ಕಾಯಬಾರದಲ್ಲ. ಮುಚ್ಚಳ ಬಡಿದೆ. ಬಂತು, ಚೀಲದೊಳಗೆ ಹೋಯಿತು, ಕೂತಿತು. ಚೀಲದ ಬಾಯಿಗೆ ದಾರ ಕಟ್ಟಿ ಅವನ ಕೈಗೆ ಕೊಟ್ಟೆ. ನಡೆದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

“ಈ ಬೆಕ್ಕನ್ನ ಚನ್ನಗಿರಿಗೆ ಬಿಟ್ಟು ಬಾರಪ್ಪ.”

ಅವನು ಚೀಲ ನೋಡಿದ, ನನ್ನ ಮುಖ ನೋಡಿದ. “ಕೊನೆಗೂ ಬುದ್ಧಿ ಬಂತಾ ಭಾವ?”

ನನ್ನ ಪೂರ್ವಸಿದ್ಧತೆಯನ್ನು ಮೆಚ್ಚುತ್ತಿದ್ದಾನೆ ಅಂದುಕೊಂಡೆ. “ಬುದ್ಧಿ ಮೊದ್ಲಿಂದ ಇತ್ತು. ಕೆಲ್ಸಕ್ಕೆ ಬಂದಿದ್ದು ಇವತ್ತು” ಅಂದೆ.

“ಅಕ್ಕಂಗೆ ಗೊತ್ತೈತಾ?”

“ಅವ್ಳಿಗೆ ಹೇಳಾದೇನೈತೆ? ಅಲ್ಲಿಗೆ ಹೋದ್ಮೇಲೆ ತಾನಾಗೇ ಗೊತ್ತಾಗುತ್ತೆ.”

“ಅತ್ತು ಗಿತ್ತು ಮಾಡಿದ್ರೆ?”

“ಖುಷಿಗೆ ಅಳ್ತಾಳೆ ಬಿಡು.”

ಅವನು ತಲೆಯಾಡಿಸಿ ಚೀಲವನ್ನು ಗಾಡಿಯ ಹಿಂದೆ ಇಟ್ಟುಕೊಂಡು ಹೋದ. ಕಡತ? ಕಡತ ಅಟ್ಟದ ಮೇಲೆ, ನೀರು ಮುಟ್ಟದ ಜಾಗದಲ್ಲಿ, ಅತ್ಯಂತ ಭದ್ರವಾಗಿತ್ತು. ಅದನ್ನು ಬೆಕ್ಕಿನ ಜೊತೆ ಕಳಿಸಬೇಕೆಂದು ಕಡತದಲ್ಲೇ ಬರೆದಿದ್ದೆ.

ಹೊಳೆ ನಮ್ಮ ಎರಡನೇ ಮೆಟ್ಟಿಲವರೆಗೆ ಬಂದು, ನೋಡಿ, ಹಿಂದಕ್ಕೆ ಹೋಯಿತು. ಮಾರನೇ ಬೆಳಿಗ್ಗೆ ಮನೆಯಾಕೆಗೆ ಫೋನ್ ಮಾಡಿದೆ.

“ಹಾಲು ಕುಡೀತಾ?” ಅಂದೆ.

“ನಂದು ಚಾ ಆತು.”

“ನಿನ್ನ ಕೇಳ್ಲಿಲ್ಲ. ಬೆಕ್ಕು.”

“ಯಾವ ಬೆಕ್ಕು?”

ಆಮೇಲೆ ಬಾಮೈದನಿಗೆ ಮಾಡಿದೆ. ಅವನ ದನಿಯಲ್ಲಿ ಒಂದು ಸೇವೆ ಸಲ್ಲಿಸಿದವನ ತೃಪ್ತಿಯಿತ್ತು. “ಬಿಟ್ಟು ಬಂದೆ ಭಾವ. ಮಂಡಿ ಬೀದಿ ಹಿಂದೆ, ಗೋದಾಮು ಸಾಲು ಐತಲ್ಲ, ಅಲ್ಲಿ. ಚೀಲ ಮೂರು ಸುತ್ತು ತಿರುಗ್ಸಿ ಬಾಯಿ ಬಿಚ್ಚಿದೆ. ಇನ್ನು ಜನ್ಮದಾಗೆ ಅದಕ್ಕೆ ಹೊನ್ನಾಳಿ ದಾರಿ ಸಿಗಂಗಿಲ್ಲ. ನೀವು ನಿಶ್ಚಿಂತೆಯಾಗಿರ್ರಿ.”

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಮನೆಗೆ ಬೇಡವಾದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ದೂರದ ಊರಿಗೆ ಒಯ್ದು, ದಿಕ್ಕು ತಪ್ಪಲೆಂದು ಮೂರು ಸುತ್ತು ತಿರುಗಿಸಿ ಬಿಡುತ್ತಾರೆ. ಅದಕ್ಕೆ ಬೆಕ್ಕು ಬಿಟ್ಟು ಬರುವುದು ಅನ್ನುತ್ತಾರೆ. ಮಗಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ ಅಂದರೆ ಜೋಪಾನವಾಗಿ ತಲುಪಿಸು ಎಂದು; ಬೆಕ್ಕನ್ನು ಬಿಟ್ಟು ಬಾ ಅಂದರೆ ಪೀಡೆ ತೊಲಗಿಸು ಎಂದು. ಮಾತು ಒಂದೇ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಎಂಟು ಫೋಟೋ ತೆಗೆಸಿದ ಬೆಕ್ಕಿಗೂ ಆ ಅರ್ಥ ತಗಲುತ್ತದೆಂದು ನನಗೆ ಹೊಳೆದಿರಲಿಲ್ಲ.

“ನಿಶ್ಚಿಂತೆಯಾಗಿರ್ರಿ” ಎಂಬ ಮಾತು ಚನ್ನಗಿರಿಯ ಬಸ್ಸಿನುದ್ದಕ್ಕೂ ನನ್ನ ಕಿವಿಯಲ್ಲಿತ್ತು. ತೊಡೆಯ ಮೇಲೆ ಕೈಚೀಲ. ಕೈಚೀಲದಲ್ಲಿ ನೀಲಿ ಕಡತ, ಒಂದು ಬಿಡಿ ಗೋಣಿಚೀಲ, ಹಾಲಿನ ಪಾತ್ರೆಯ ಮುಚ್ಚಳ, ಚಮಚ. ಕೂಗಾಡಬಾರದು ಎಂದು ತೀರ್ಮಾನಿಸಿದೆ. ಕೂಗಾಡಿದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ, ಅವನಿಗೂ ಹಗುರವಾಗುತ್ತದೆ. ಇವನಿಗೆ ಹಗುರವಾಗಬಾರದು. ಶಿಕ್ಷೆ ನಿಧಾನವಾಗಿರಬೇಕು, ಬಹಿರಂಗವಾಗಿರಬೇಕು, ಮತ್ತು ಬಿಳಿ ಅಂಗಿಯ ಮೇಲೆಯೇ ಆಗಬೇಕು.

ಮಗಳ ಮನೆಯ ಜಗುಲಿಯಲ್ಲಿ ವಿಚಾರಣೆ ನಡೆಯಿತು. ಮನೆಯಾಕೆ ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಬಾಮೈದ ಎದುರಿಗೆ ನಿಂತಿದ್ದ; ಕುರ್ಚಿ ಇತ್ತು, ಕೂರು ಅನ್ನಲಿಲ್ಲ.

“ಮೂರು ಸುತ್ತು ತಿರುಗ್ಸಿದ್ದು ಹೌದಾ?”

“ಹೌದು ಭಾವ, ಪದ್ಧತಿ.”

“ಯಾರು ಹೇಳಿದ್ರು ತಿರುಗ್ಸಾಕೆ?”

“ಯಾರರ ಹೇಳ್ಬೇಕಾ ಅದನ್ನ? ನೀವು ಚೀಲದಾಗೆ ಕಟ್ಟಿ ಕೊಟ್ರಿ. ಬಿಟ್ಟು ಬಾ ಅಂದ್ರಿ. ಅಕ್ಕಂಗೆ ಹೇಳ್ಬ್ಯಾಡ ಅಂದ್ರಿ. ನಾನೇನು ಅದಕ್ಕೆ ಕಾಫಿ ಕುಡ್ಸಿ ಕರ್ಕಂಡು ಹೋಗ್ಬೇಕಿತ್ತಾ?”

“ಚೀಲದಾಗೆ ಸೊಳ್ಳೆಪರದೆ ಕಿಟಕಿ ಇತ್ತು. ಬಿಸಾಕೋ ಬೆಕ್ಕಿಗೆ ಯಾರಾದ್ರೂ ಕಿಟಕಿ ಹೊಲೀತಾರಾ?”

ಅವನು ಅಕ್ಕನ ಕಡೆ ನೋಡಿದ. ಹರಿದ ಚೀಲಕ್ಕೆ ತೇಪೆ ಎಂದುಕೊಂಡಿದ್ದನಂತೆ, ಆಮೇಲೆ ಅಕ್ಕನ ಹತ್ತಿರ ಹೇಳಿದ. ನನಗೆ ಅಷ್ಟು ಸಾಕಾಗಿತ್ತು. ಹುಡುಕಿಕೊಡುವುದು ನಿನ್ನ ಹೊಣೆ ಅಂದೆ. ಹುಡುಕುತ್ತೇನೆ ಅಂದ. ಹೇಗೆ ಕರೆದರೆ ಬರುತ್ತದೆ ಎಂದು ಕೇಳಿದ.

ಇಲ್ಲಿ ನಾನು ಮುಚ್ಚಳವನ್ನು ಕೈಚೀಲದಿಂದ ತೆಗೆದು ಅವನ ಕೈಗೆ ಕೊಡಬೇಕಾಗಿತ್ತು. ಕೊಡಲಿಲ್ಲ. ಮನೆಯಾಕೆ ಒಳಗೆ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದೆ: “ಅದಕ್ಕೆ ಒಂದೇ ಕರೆ ಗೊತ್ತು. ‘ತಪ್ಪಾತವ್ವಾ, ಬಾರವ್ವಾ’ ಅನ್ಬೇಕು. ಜೋರಾಗಿ ಅನ್ಬೇಕು. ಬೇರೆ ಯಾವುದಕ್ಕೂ ಅದು ಬರಲ್ಲ.”

“ಇದೆಂಥ ಕರೆ ಭಾವ?”

“ನಾವು ಅದನ್ನ ಬೆಳ್ಸಿರೋ ರೀತಿ ಹಂಗೆ.”

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ, ಮಂಡಿ ಬೀದಿ ತುಂಬಿಕೊಳ್ಳುವ ಹೊತ್ತಿಗೆ ಸರಿಯಾಗಿ, ಶಿಕ್ಷೆ ಜಾರಿಗೆ ಬಂತು. ಬೀದಿಯ ತುದಿಯ ಚಾ ಅಂಗಡಿಯ ಬೆಂಚಿನ ಮೇಲೆ ನಾನು ಕೂತೆ. ಬಾಮೈದ ಗೋದಾಮುಗಳ ಸಾಲಿನ ಮುಂದೆ ನಿಂತು ಎಡಕ್ಕೆ ಬಲಕ್ಕೆ ನೋಡಿ, ಸಣ್ಣ ದನಿಯಲ್ಲಿ ಏನೋ ಅಂದ.

“ಕೇಳ್ಸಲಿಲ್ಲ” ಅಂದೆ, ಬೆಂಚಿನಿಂದಲೇ.

“ತಪ್ಪಾತವ್ವಾ, ಬಾರವ್ವಾ!”

ತಲೆಯ ಮೇಲೆ ಮೂಟೆ ಹೊತ್ತಿದ್ದ ಹಮಾಲರು ಇಬ್ಬರು ಮೂಟೆ ಸಮೇತ ತಿರುಗಿದರು. ಮುಂದಿನ ಅಂಗಡಿಯ ಗಲ್ಲೆಯಿಂದ ಒಬ್ಬರು ಎದ್ದು ಬಂದರು. ತೂಕದ ಹತ್ತಿರ ನಿಂತಿದ್ದ ಗಡ್ಡದ ಸಾಹೇಬರು ಕನ್ನಡಕ ಹಣೆಗೇರಿಸಿದರು. ಹಳೇ ಗೋಣಿಚೀಲ ಕೊಂಡು ಮಾರುವವರು ಅವರು, ಬಾಮೈದನಿಗೆ ಬಹಳ ದಿನದ ಪರಿಚಯ. “ಏನ್ರಿ ಸಾವ್ಕಾರ್ರೆ, ಮನ್ಯಾರು ತೌರಿಗೆ ಹೋದ್ರಾ?” ಅಂದರು. ಬೀದಿಗೆ ಬೀದಿಯೇ ನಕ್ಕಿತು. ಬೆಕ್ಕು ರೀ, ಬೆಕ್ಕು ಎಂದು ಇವನು ವಿವರಿಸುತ್ತಾ ಹೋದಷ್ಟೂ ಅವರು “ಹೌದು ಹೌದು, ನಾವೂ ಮನ್ಯಾಗೆ ಹಂಗೇ ಕರೀತೀವಿ” ಅನ್ನುತ್ತಿದ್ದರು.

ನಾನು ಎರಡನೇ ಚಾ ಹೇಳಿದೆ. ಜೀವನದಲ್ಲಿ ಅಷ್ಟು ರುಚಿಯ ಚಾ ಕುಡಿದದ್ದು ಕಡಿಮೆ. ಹನ್ನೊಂದು ಗಂಟೆಗೆ ಅವನು ಬೆವರು ಒರೆಸಿಕೊಳ್ಳುತ್ತಾ ಹತ್ತಿರ ಬಂದಾಗ, “‘ಅವ್ವಾ’ ಅನ್ನೋದನ್ನ ಇನ್ನೊಂಚೂರು ಎಳೀಬೇಕು. ಅದಕ್ಕೆ ಮನಸ್ಸಿನಿಂದ ಬಂದಿದ್ದು ಯಾವುದು ಅಂತ ತಿಳಿಯುತ್ತೆ” ಎಂದು ತಿದ್ದಿದೆ. ಪಾಪ, ಎಳೆದ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಲೆಕ್ಕ ಬರೆಯುವವರು, ಚಹಾದವರು, ಅಡಿಕೆ ಆರಿಸುವ ಹೆಂಗಸರು ಎಲ್ಲರ ಬಾಯಲ್ಲೂ ಅದೇ ರಾಗ. ಎರಡನೇ ದಿನ ಅವನು ಗಾಡಿಯಿಂದ ಇಳಿಯುವ ಮೊದಲೇ ಯಾರೋ ಗೋದಾಮಿನೊಳಗಿಂದ “ತಪ್ಪಾತವ್ವಾ” ಅಂದರು. ಇನ್ಯಾರೋ ಆ ಕಡೆಯಿಂದ “ಬರಲ್ಲ ಹೋಗೋ” ಅಂದರು.

ಬೆಕ್ಕು ಬರಲಿಲ್ಲ. ಹೇಗೆ ಬರುತ್ತದೆ? ಆ ಕರೆಯನ್ನು ಅದು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅದಕ್ಕೆ ಗೊತ್ತಿದ್ದ ಒಂದೇ ಒಂದು ಸದ್ದು ನನ್ನ ಪಕ್ಕದಲ್ಲಿ, ಬೆಂಚಿನ ಮೇಲೆ, ಕೈಚೀಲದೊಳಗೆ ಇತ್ತು. ಇವತ್ತೊಂದು ದಿನ ಇವನು ಕೂಗಲಿ, ಸಂಜೆ ನಾನೇ ಬಡಿದು ಕರೆಯುತ್ತೇನೆ ಎಂದು ಮೊದಲ ದಿನ ಅಂದುಕೊಂಡಿದ್ದೆ. ಸಂಜೆಯಾದಾಗ ಇನ್ನೊಂದು ದಿನ ಅನಿಸಿತು. ಸೇಡಿನಲ್ಲಿ ಒಂದು ದೋಷವಿದೆ: ಅದು ಚೆನ್ನಾಗಿ ನಡೆಯುತ್ತಿರುವಾಗ ನಿಲ್ಲಿಸಲು ಮನಸ್ಸು ಬರುವುದಿಲ್ಲ.

ಎರಡನೇ ಮಧ್ಯಾಹ್ನ ಮನೆಯಾಕೆ ತರಕಾರಿ ಚೀಲ ಹಿಡಿದು ಆ ದಾರಿಯಲ್ಲಿ ಬಂದಳು. ತಮ್ಮನನ್ನು ನೋಡಿ ನಿಂತಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ನನ್ನ ಹತ್ತಿರ ಬಂದಳು.

“ಅದೇನ್ರಿ ಅವ್ನು ಹಾಡ್ತಿರಾದು?”

“ಕರೀತಿದಾನೆ.”

“ಯಾರನ್ನ?”

ನಾನು ಚಾದ ಲೋಟದೊಳಗೆ ನೋಡಿದೆ. ಅವಳು ಬೆಂಚಿನ ಮೇಲಿದ್ದ ನನ್ನ ಕೈಚೀಲವನ್ನು ಎತ್ತಿ, ಒಳಗೆ ಕೈಹಾಕಿ, ಮುಚ್ಚಳ ತೆಗೆದಳು. ಅದರಲ್ಲಿ ತನ್ನ ಮುಖ ನೋಡಿಕೊಳ್ಳುವವಳ ಹಾಗೆ ಅದನ್ನು ಹಿಡಿದುಕೊಂಡೇ ನಿಂತಳು. ಬೀದಿಯಲ್ಲಿ ಇನ್ನೂ ನಗು ನಡೆದಿತ್ತು.

“ಮೂರು ದಿನ ಆತು ರೀ” ಅಂದಳು. ದನಿ ಏರಿಸಲಿಲ್ಲ. “ಗೊತ್ತಿಲ್ಲದ ಊರು. ಈ ಬೀದಿ ತುಂಬ ನಾಯಿ. ಅದು ಏನು ತಿಂತೋ, ಎಲ್ಲಿ ಅಡಗ್ಕಂಡೈತೋ. ನಿಮಗೆ ಬೆಕ್ಕು ಬೇಕಾಗಿತ್ತಾ, ಇವ್ನ ಮಾನ ಕಳೆಯಾದು ಬೇಕಾಗಿತ್ತಾ?”

ಹೆಂಚಿನ ಮೇಲೆ ಎರಡು ದಿನ ಬಿಟ್ಟಿದ್ದಕ್ಕೆ ಕಡತ ತೆರೆದವನು ನಾನು. ಈಗ ಅದೇ ಎರಡು ದಿನ ಬೆಂಚಿನ ಮೇಲೆ ಕೂತು ಕಳೆದಿದ್ದೆ, ಅದೂ ಬೇಕಂತಲೇ. ಎದ್ದೆ. ಬಿಡಿ ಗೋಣಿಚೀಲ ಬಗಲಿಗೆ ಹಾಕಿಕೊಂಡು, ಮುಚ್ಚಳ ಚಮಚ ಹಿಡಿದು ಗೋದಾಮುಗಳ ಹಿಂದಿನ ಓಣಿಗೆ ಹೋದೆ. ಬಾಮೈದ ಹಿಂದೆಯೇ ಬಂದ. ಮುಚ್ಚಳವನ್ನು ನೋಡಿ ಅವನಿಗೆ ಅರ್ಥವಾಯಿತು, ಮುಖ ಕೆಂಪಾಯಿತು.

ಎರಡು ಸಲ ಬಡಿದೆ. ಏನೂ ಇಲ್ಲ. ಇನ್ನೂ ಹತ್ತು ಹೆಜ್ಜೆ ಹೋಗಿ ಬಡಿದೆ. ಓಣಿಯಲ್ಲಿ ಖಾಲಿ ಚೀಲಗಳ ಒಟ್ಟಲು, ಮುರಿದ ತಕ್ಕಡಿ, ಒಂದು ನಾಯಿ. ನಾಯಿ ಎದ್ದು ಬಂದಿತು. ಅದನ್ನು ಗದರಿಸಿ ಓಡಿಸಿ ಮೂರನೇ ಸಲ ಬಡಿದೆ. ಆಗ ಸಾಹೇಬರ ಚೀಲದ ಒಟ್ಟಲಿನ ಸಂದಿಯಿಂದ ಬೂದುಬಣ್ಣದ ಮೂತಿಯೊಂದು ಹೊರಗೆ ಬಂತು. ಮೈಯೆಲ್ಲ ಸೆಣಬಿನ ಎಳೆ. ಒಂದು ಕಿವಿಯ ತುದಿ ಹರಿದಿತ್ತು. ಓಡಿ ಬಂತು, ನೇರವಾಗಿ ನನ್ನ ಕಡೆಗೇ, ಆ ಎರಡು ತಿಂಗಳ ಅಭ್ಯಾಸದ ಓಟ. ಮೂರು ಅಡಿ ದೂರದಲ್ಲಿ ನನ್ನ ಬಗಲಿನ ಗೋಣಿಚೀಲ ಕಂಡಿತು. ಗಕ್ಕನೆ ನಿಂತಿತು. ಬೆನ್ನಿನ ಕೂದಲು ಎದ್ದು ನಿಂತವು. ಆಮೇಲೆ ಪಕ್ಕಕ್ಕೆ ಹಾರಿ, ಬಾಮೈದನ ಪ್ಯಾಂಟು ಹಿಡಿದು, ಬಿಳಿ ಅಂಗಿಯ ಮೇಲೆ ನಾಲ್ಕು ಕಾಲಿನ ಕೊಳೆ ಒತ್ತುತ್ತಾ ಹತ್ತಿ ಅವನ ಕತ್ತಿನ ಹತ್ತಿರ ಮೂತಿ ಹುದುಗಿಸಿತು.

ಅವನು ಅಲ್ಲಾಡದೆ ನಿಂತಿದ್ದ. ಅವನ ಕಣ್ಣಲ್ಲಿ ಬೆಕ್ಕು ಅಡ್ಡ ಬಂದಾಗಿನ ಭಯವೇ ಇತ್ತು, ಆದರೆ ಕೈ ಮಾತ್ರ ಅದರ ಬೆನ್ನ ಮೇಲೆ ಹೋಗಿತ್ತು. “ಬೆಳಿಗ್ಗೆ ನೀವು ಬರೋ ಮುಂಚೆ ಇಲ್ಲಿ ಹಾಲು ಇಟ್ಟು ಹೋಗ್ತಿದ್ದೆ ಭಾವ” ಅಂದ. “ಬಂದು ನೋಡಿದ್ರೆ ಖಾಲಿ ಆಗಿರಾದು. ಯಾವುದು ಕುಡೀತು ಅಂತ ಗೊತ್ತಿರ್ಲಿಲ್ಲ.”

ಹಾಲು ಇಟ್ಟ ವಿಷಯ ಅವನು ನನಗೆ ಹೇಳಿರಲಿಲ್ಲ. ಮುಚ್ಚಳದ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಮನೆಯಾಕೆ ಅವತ್ತಿನಿಂದ ಇವತ್ತಿನವರೆಗೆ ನಿಲ್ಲಿಸಿಲ್ಲ.

ಹೋಗಲಿ, ಅವನ ಮಾನವಾದರೂ ಹೋಯಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳೋಣವೆಂದರೆ ಅದೂ ದಕ್ಕಲಿಲ್ಲ. ಬೆಕ್ಕನ್ನು ಹೆಗಲ ಮೇಲೆ ಹೊತ್ತು ಅವನು ಓಣಿಯಿಂದ ಬೀದಿಗೆ ಬಂದಾಗ ಯಾರೂ ನಗಲಿಲ್ಲ. ಅಡಿಕೆ ಆರಿಸುವ ಹೆಂಗಸರು ಕೆಲಸ ಬಿಟ್ಟು ಬಂದು ಮುಟ್ಟಿ ನೋಡಿದರು. ಸ್ವತಃ ಸಾಹೇಬರು, “ಒಂದು ಬೆಕ್ಕಿಗೆ ಎರಡು ದಿನ ಬೀದಿಯಾಗೆ ತಪ್ಪಾತು ಅಂದ ಮನುಷ್ಯ ನೋಡ್ರಿ. ಇಂಥೋರ ಮಾತು ನಂಬಬೌದು” ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದರು. ಆ ವರ್ಷ ಉಬ್ರಾಣಿ ಕಡೆಯ ಎರಡು ದೊಡ್ಡ ತೋಟದವರು ತಾವಾಗಿಯೇ ಅವನನ್ನು ಕರೆದು ಕೇಣಿ ಕೊಟ್ಟರಂತೆ. ಬೆಕ್ಕಿನ ಸಾವ್ಕಾರ ಎಂಬ ಹೆಸರು ನಿಂತಿತು. ಅದನ್ನು ಅವನು ಬಿರುದಿನ ಹಾಗೆ ಹೇಳಿಕೊಂಡು ತಿರುಗುತ್ತಾನೆ. ನನ್ನ ಶಿಕ್ಷೆಯಿಂದ ಉದ್ಧಾರವಾದ ಮೊದಲ ಆರೋಪಿ ಇವನೇ ಇರಬೇಕು.

ಈ ವರ್ಷ ಮತ್ತೆ ಮೈಕಿನ ಆಟೋ ಬಂತು. ದಾವಣಗೆರೆಯ ಡಬ್ಬಿ ಈಗ ಮನೆಯಲ್ಲಿದೆ. ತರಿಸಿದ್ದು ಯಾರು, ಹೇಗೆ ಎಂಬುದು ಬೇಡ. ಮುಚ್ಚಳ ಬಡಿದೆ. ಬೆಕ್ಕು ಬಾಗಿಲವರೆಗೆ ಬಂದು ನನ್ನ ಕೈ ನೋಡಿತು, ಡಬ್ಬಿ ನೋಡಿತು, ಅಟ್ಟಕ್ಕೆ ಹಾರಿತು. ಏಣಿ ಹಾಕಿ ಹತ್ತಿದೆ. ಮೊಳಕೈವರೆಗೆ ಪರಚಿಸಿಕೊಂಡು ಇಳಿದೆ. ಹಾಲು, ಬೆಣ್ಣೆ, ಬ್ರೆಡ್ಡು, ಬೈಗುಳ, ಯಾವುದಕ್ಕೂ ಬಗ್ಗಲಿಲ್ಲ. ನಾನು ಹತ್ತಿರ ಹೋದಷ್ಟೂ ಅದು ತೊಲೆಯ ಮೂಲೆಗೆ ಸರಿಯುತ್ತಿತ್ತು. ಕೆಳಗಿನ ಬೀದಿಯ ಎರಡು ಮನೆಯವರು ಆಗಲೇ ಸಾಮಾನು ಹೊರಗೆ ತಂದಿದ್ದರು.

“ಅವ್ನಿಗೆ ಫೋನ್ ಮಾಡ್ರಿ” ಅಂದಳು ಮನೆಯಾಕೆ.

“ನಾನಾ?”

“ಮತ್ತೆ ನಾನಾ ಅದನ್ನ ಚೀಲದಾಗೆ ಕಟ್ಟಿದ್ದು?”

ಮಾಡಿದೆ. ಏನು ಹೇಳಬೇಕೆಂದು ಮೊದಲೇ ಒಂದು ಹಾಳೆಯ ಮೇಲೆ ಬರೆದುಕೊಂಡು, ಎರಡು ಸಲ ಓದಿ, ಬೇರೆ ಅರ್ಥ ಬರುವ ಪದ ಇಲ್ಲವೆಂದು ನೋಡಿಕೊಂಡು ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ನ್ಯಾಮತಿಯಿಂದ ಬಂದ. ಚಪ್ಪಲಿ ಬಿಟ್ಟು ನಡುಮನೆಯಲ್ಲಿ ಕೂತ. ಅಕ್ಕ ಕೊಟ್ಟ ಮಂಡಕ್ಕಿ ತಿನ್ನತೊಡಗಿದ. ಅಟ್ಟದ ಕಡೆ ನೋಡಲೂ ಇಲ್ಲ. ತಟ್ಟೆ ಅರ್ಧ ಖಾಲಿಯಾಗುವಷ್ಟರಲ್ಲಿ ಬೆಕ್ಕು ಇಳಿದು ಬಂದು ಅವನ ತೊಡೆ ಹತ್ತಿ ಕೂತಿತು. ಡಬ್ಬಿಯ ಅಗತ್ಯವೇ ಬೀಳಲಿಲ್ಲ. ಪಂಚೆಯಲ್ಲಿ ಮಗುವನ್ನು ಸುತ್ತಿದಂತೆ ಸುತ್ತಿಕೊಂಡು ಎದ್ದ.

ಗಾಡಿಯ ಮುಂದೆ ಇರುವುದು ಎರಡೇ ಸೀಟು. ಒಂದರಲ್ಲಿ ಅವನು. ಇನ್ನೊಂದರಲ್ಲಿ ಮನೆಯಾಕೆ, ಅವಳ ತೊಡೆಯ ಮೇಲೆ ಬೆಕ್ಕು. ಹಿಂದೆ ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್ ಮತ್ತು ನಾನು. ದಾರಿಯುದ್ದಕ್ಕೂ ಸಿಲಿಂಡರ್ ನನ್ನ ಕಡೆಗೆ ಉರುಳಿ ಬರುತ್ತಿತ್ತು, ನಾನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಿದ್ದೆ. ಹಿಂದಿನ ಗಾಜಿನಲ್ಲಿ ಅಕ್ಕ ತಮ್ಮ ನಗುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಾತಿನ ವಿಷಯ ಯಾವುದೆಂದು ಊಹಿಸಲು ಶಿರಸ್ತೇದಾರನಾಗಿರಬೇಕಾಗಿಲ್ಲ.

ಚನ್ನಗಿರಿಯಲ್ಲಿ ಗಾಡಿ ನಿಂತಿತು. ಅವರಿಬ್ಬರೂ ಬೆಕ್ಕಿನ ಸಮೇತ ಒಳಗೆ ಹೋದರು. “ಬಾಗ್ಲು ಹಾಕಕ್ಕಾ ಮೊದ್ಲು, ಓಡೀತು” ಎಂದು ಅವನು ಹೇಳಿದ್ದು ಕೇಳಿಸಿತು, ಬಾಗಿಲು ಹಾಕಿದ್ದೂ ಕೇಳಿಸಿತು. ಗಾಡಿಯ ಹಿಂದಿನ ಹಲಗೆಯ ಕೊಂಡಿ ಹೊರಗಡೆ ಇತ್ತು. ನಾನು ಕರೆಯಲಿಲ್ಲ. ಕರೆಯುವ ಮಾತಾದರೂ ಯಾವುದಿತ್ತು? ತುಸು ಹೊತ್ತಿನ ಮೇಲೆ ಅವನೇ ನಿಧಾನವಾಗಿ ಹೊರಗೆ ಬಂದು, ಅಂಗಿಗೆ ಅಂಟಿದ ಬೆಕ್ಕಿನ ಕೂದಲು ಒಂದೊಂದಾಗಿ ತೆಗೆಯುತ್ತಾ ನಿಂತ.

“ಹೇಳಿ ಭಾವ, ಯಾವುದನ್ನ ಮೊದ್ಲು ಇಳಿಸ್ಲಿ? ಸಿಲಿಂಡರಾ, ನೀವಾ?”

“ಸಿಲಿಂಡರು” ಅಂದೆ.

ಕೊಂಡಿ ತೆಗೆದು ಅದನ್ನು ಹೆಗಲಿಗೇರಿಸಿಕೊಂಡು ಒಳಗೆ ಹೋದ. ವಾಪಸು ಬಂದರೆ ಕೈ ಕೊಡುತ್ತಾನೆ, ಹಿಡಿದು ಇಳಿಯಬೇಕಾಗುತ್ತದೆ. ಅದಕ್ಕೆ ಅವಕಾಶ ಕೊಡಬಾರದೆಂದು ಗಾಲಿಯ ಮೇಲೆ ಕಾಲಿಟ್ಟು, ಮೊಣಕಾಲು ಒಂದಿಷ್ಟು ಕೆತ್ತಿಸಿಕೊಂಡು, ನಾನೇ ಇಳಿದೆ. ಬಾಗಿಲನ್ನು ಬೆಕ್ಕು ನುಸುಳದಷ್ಟು ಮಾತ್ರ ತೆರೆದು ಒಳಗೆ ಹೋದೆ. ಅದು ಅಡುಗೆಮನೆಯ ಹೊಸ್ತಿಲಲ್ಲಿ ಹಾಲು ಕುಡಿಯುತ್ತಿತ್ತು. ತಲೆ ಎತ್ತಿ ಮೊದಲು ನನ್ನ ಕೈ ನೋಡಿತು. ಎರಡೂ ಅಂಗೈ ಬಿಚ್ಚಿ ತೋರಿಸಿದೆ. ಆಮೇಲೆ ಮತ್ತೆ ಬಟ್ಟಲಿಗೆ ಮೂತಿ ಇಟ್ಟಿತು.